ವಿಭೂತಿಯ ಕೈಯಲ್ಲಿ ಮತ್ತಿ ಮೀನು

ದೊಡ್ಡಮ್ಮನ ಬಲಗೈ ಬೆರಳುಗಳಲ್ಲಿ ಎರಡು ವಾಸನೆಗಳಿರುತ್ತಿದ್ದವು. ಒಂದು ವಿಭೂತಿಯದು, ಇನ್ನೊಂದು ಬೇಯಿಸಿದ ಮತ್ತಿ ಮೀನಿನದು. ಬೆಕ್ಕಿನ ಊಟ ಮುಗಿದ ಮೇಲೆ ಸೀಗೆಪುಡಿ ಹಾಕಿ ಕೈ ಉಜ್ಜುತ್ತಿದ್ದಳು, ನಿಂಬೆಹಣ್ಣು ಹಿಂಡಿಕೊಳ್ಳುತ್ತಿದ್ದಳು, ನಮ್ಮ ಬೆಟ್ಟದೂರಿನ ಚಳಿಯಲ್ಲೂ ತಲೆಗೆ ನೀರು ಹಾಕಿಕೊಂಡು ಬಂದು ಲಿಂಗಪೂಜೆಗೆ ಕೂರುತ್ತಿದ್ದಳು. ಆದರೂ ಪ್ರಸಾದವೆಂದು ನನ್ನ ಅಂಗೈಗೆ ಸಕ್ಕರೆ ಹಾಕುವಾಗ ಎರಡೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ಪೂಜೆಯಲ್ಲಿ ನಂಬಿಕೆಯಿಲ್ಲದ ನಾನು ಆ ಸಕ್ಕರೆಯನ್ನು ಮಾತ್ರ ಎಂದೂ ಬೇಡವೆನ್ನಲಿಲ್ಲ.

ನಡುವಟ್ಟಂನ ನಮ್ಮ ಮನೆ ವೀರಶೈವರ ಮನೆ. ಮೊಟ್ಟೆ ಹಾಕಿದ ಕೇಕ್ ಕೂಡ ಹೊಸ್ತಿಲು ದಾಟಿದ್ದಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಟೀ ತೋಟ, ಅಡುಗೆಮನೆ, ನಾವು, ಎಲ್ಲದರ ಮೇಲೂ ದೊಡ್ಡಮ್ಮನದೇ ದರ್ಬಾರು. ಊರಿಗೆ ಜಂಗಮರಾದ ಅಯ್ಯನವರು ಬಂದರೆ ಮೊದಲ ಊಟ ನಮ್ಮಲ್ಲಿಯೇ. ಅದು ಅವಳ ಅತ್ತೆಯ ಕಾಲದಿಂದ ಬಂದ ಮರ್ಯಾದೆ, ಅದನ್ನು ಅವಳು ಒಡವೆಯ ಹಾಗೆ ಕಾಪಾಡಿಕೊಂಡಿದ್ದಳು.

ಬೂದಿ ಆ ಮನೆಯ ಬೂದುಬಣ್ಣದ ಬೆಕ್ಕು. ಅದು ಮರಿಯಾಗಿದ್ದಾಗ ಅದರ ತಾಯಿಯನ್ನು ನಮ್ಮ ಜಗಲಿಯಿಂದಲೇ ಚಿರತೆ ಎತ್ತಿಕೊಂಡು ಹೋಯಿತು. ಅಂದಿನಿಂದ ಮರಿ ಮನೆಯೊಳಗೇ. ಕಿಟಕಿಗಳಿಗೆ ಜಾಲರಿ ಬಂತು. ಅದಕ್ಕೆ ಏನೇನು ಬೇಕೆಂದು ದೊಡ್ಡಮ್ಮ ನೋಡಿ ನೋಡಿಯೇ ಕಂಡುಕೊಂಡಳು. ತೋಟದಲ್ಲಿ ಕಿತ್ತು ಹಾಕಿದ್ದ ಟೀ ಗಿಡದ ಬುಡವೊಂದನ್ನು ಹೊತ್ತು ತಂದು ಪಡಸಾಲೆಯಲ್ಲಿ ನಿಲ್ಲಿಸಿದಳು. ಬೂದಿ ಅದರ ಮೇಲೆ ಉಗುರು ಮಸೆದು ಸೋಫಾ ಉಳಿಸಿತು. ಬೀರುವಿನ ಮೇಲೆ ಹಳೆಯ ಕಂಬಳಿ ಹಾಸಿದಳು. ಬೂದಿ ಅಲ್ಲಿ ಮಲಗಿದ್ದಾಗ ಯಾರೂ ಮುಟ್ಟುವಂತಿರಲಿಲ್ಲ. ಮರಳಿನ ತಟ್ಟೆಯನ್ನು ಬೆಳಗಿನ ಕಾಫಿಗೂ ಮುಂಚೆ ತಾನೇ ಚೊಕ್ಕ ಮಾಡುತ್ತಿದ್ದಳು. ನಾನು ಮುಖ ಸಿಂಡರಿಸಿದರೆ, "ಗಲೀಜು ಕಕ್ಕಸಿಗೆ ನೀ ಹೋದಿಯಾ? ಅದೂ ಹೋಗಾಕಿಲ್ಲ," ಎನ್ನುತ್ತಿದ್ದಳು.

ತಪ್ಪಿದ್ದು ಊಟದಲ್ಲಿ. ಹಾಲು-ಅನ್ನ, ಮೊಸರನ್ನ, ಸೋಮವಾರ ಒಂದಿಷ್ಟು ತುಪ್ಪ. ಬೇರೆ ಮನೆಯ ಬೆಕ್ಕುಗಳು ತೋಟದಲ್ಲಿ ಇಲಿ ಹಿಡಿದಾದರೂ ತಿಂದುಕೊಳ್ಳುತ್ತಿದ್ದವು. ಜಾಲರಿಯ ಹಿಂದಿನ ಬೂದಿಗೆ ಅದೂ ಇರಲಿಲ್ಲ. ಬಂದವರಿಗೆಲ್ಲ ದೊಡ್ಡಮ್ಮ ಹೇಳುತ್ತಿದ್ದಳು: "ನಮ್ ಬೂದಿ ಲಿಂಗವಂತ ಬೆಕ್ಕು ಕಣವ್ವ. ಹಾಲು-ಅನ್ನ ಬುಟ್ರೆ ಬೇರೆ ಏನೂ ಮೂಸಾಕಿಲ್ಲ." ಬಂದವರು ಕೈ ಮುಗಿಯುವುದೊಂದು ಬಾಕಿ.

ನಾನು ಆಗ ಕೊಯಮತ್ತೂರಿನ ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ರಜೆಗೆ ಬಂದರೂ ನನ್ನ ನಾಲಗೆಗೆ ರಜೆ ಇರುತ್ತಿರಲಿಲ್ಲ.

"ಮೂಸೋಕೆ ಬೇರೆ ಏನಿಟ್ಟಿದ್ದೀಯ ದೊಡ್ಡಮ್ಮ? ಆಯ್ಕೆನೇ ಇಲ್ದಿದ್ರೆ ಅದು ವ್ರತ ಹೆಂಗಾಯ್ತದೆ?"

"ಹಸ ಹುಲ್ಲು ತಿಂತದೆ. ಅದಕ್ಕೇನು ಆಯ್ಕೆ ಕೊಟ್ಟಿದ್ರಾ?"

"ಹಸುವಿನ ಹಲ್ಲು ನೋಡು, ಬೂದಿ ಹಲ್ಲು ನೋಡು."

"ನಿನ್ ಹಲ್ಲು ನೋಡ್ಕ ಮೊದ್ಲು. ಮೂವತ್ತೆರಡೂ ಮಾತಾಡ್ತವೆ. ಪೋದುಂ!"

ಸಾಕು ಎಂಬುದನ್ನು ಅವಳು ತಮಿಳಿನಲ್ಲಿ ಹೇಳಿದರೆ ಚರ್ಚೆ ಮುಗಿಯಿತು ಎಂದರ್ಥ.

ಬೂದಿ ಬೀರುವಿನ ಮೇಲಕ್ಕೆ ಹಾರುವಾಗ ಅಳತೆ ತಪ್ಪಿ ಬೀಳತೊಡಗಿದ್ದನ್ನು ಮೊದಲು ಗಮನಿಸಿದ್ದೂ ಅವಳೇ. ನಡು ಮಧ್ಯಾಹ್ನದ ಬೆಳಕಿನಲ್ಲೂ ಅದರ ಕಣ್ಣುಪಾಪೆ ಅಗಲವಾಗಿಯೇ ಇರುತ್ತಿತ್ತು. ಒಂದು ದಿನ, ತಾನು ನಿತ್ಯ ಉಗುರು ಮಸೆಯುವ ಟೀ ಬುಡಕ್ಕೇ ಹಣೆ ಹೊಡೆದುಕೊಂಡಿತು. ಬುಟ್ಟಿಯಲ್ಲಿಟ್ಟುಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಗೂಡಲೂರಿಗೆ ಇಳಿದೆವು. ಪಶುವೈದ್ಯೆ ಕಣ್ಣಿಗೆ ದೀಪ ಬಿಟ್ಟು ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಮೀನು-ಮಾಂಸದಲ್ಲಿರುವ ಒಂದು ಸತ್ವ ಸಿಗದಿದ್ದರೆ ಬೆಕ್ಕಿನ ಕಣ್ಣು ಮಂಕಾಗುತ್ತದೆ, ಹೃದಯವೂ ಸೋಲುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ, ಆದರೆ ಇವತ್ತಿನಿಂದ ಕೊಟ್ಟರೆ ಉಳಿದದ್ದನ್ನು ಉಳಿಸಬಹುದು ಎಂದರು.

ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ಇದು ನಾ ಮಾಡಿದ್ದು?"

ವೈದ್ಯೆ ಹೌದೆಂದು ತಲೆಯಾಡಿಸಿದರು.

ಹೊರಗೆ ಬಂದು ನಾನು ಬಾಯಿ ತೆರೆಯುವ ಮೊದಲೇ ಅವಳು ಬಸ್ ನಿಲ್ದಾಣ ಬಿಟ್ಟು ಮೀನಿನ ಅಂಗಡಿಗಳ ಕಡೆ ನಡೆದಿದ್ದಳು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ. ಮಲಯಾಳಿ ವ್ಯಾಪಾರಿ ಕತ್ತಿ ಕೆಳಗಿಟ್ಟು, "ವಳಿ ತೆಟ್ಟಿಯೋ ಅಮ್ಮಾ?" ಎಂದ. ದಾರಿ ತಪ್ಪಿತೇ ಎಂದು.

"ಇಷ್ಟು ದಿನ ತಪ್ಪಿತ್ತು ಕಣಪ್ಪ," ಎಂದಳು ಅಪ್ಪಟ ಕನ್ನಡದಲ್ಲಿ. "ಬೆಕ್ಕಿಗೆ ಯಾವ್ದು ಒಳ್ಳೇದು, ಅದ ಕೊಡು."

ನಾನು ಚರ್ಚೆಯಲ್ಲಿ ಬಹುಮಾನಗಳನ್ನು ಗೆದ್ದವಳು. ಎದುರಾಳಿಯ ಮಾತು ಸರಿಯೆಂದು ಒಳಗೇ ಗೊತ್ತಾದ ಮೇಲೂ ಗಂಟೆ ಬಾರಿಸುವ ತನಕ ಎಳೆದಾಡುವುದನ್ನು ವೇದಿಕೆ ನನಗೆ ಕಲಿಸಿತ್ತು. ಅದೇ ಸಂಜೆ ಪಕ್ಕದ ಮನೆಯವರು ಬೇಲಿಯಾಚೆಯಿಂದ ಮೂಗು ಮುಚ್ಚಿಕೊಂಡು ವಿಚಾರಿಸಿದಾಗ ದೊಡ್ಡಮ್ಮ ಹೇಳಿದಳು: "ಈ ಹುಡ್ಗಿ ಹೇಳಿದ್ಲು, ನಾ ಕೇಳ್ನಿಲ್ಲ. ಅವಳದೇ ಸರಿ, ನಂದೇ ತಪ್ಪು. ಮೀನು ಬೇಯ್ತಾ ಅದೆ." ಸೋಲನ್ನು ಹೀಗೆ ತಲೆಯೆತ್ತಿ ಒಪ್ಪಿದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಹಿತ್ತಲ ಸೌದೆ ಕೊಟ್ಟಿಗೆಯಲ್ಲಿ ಬೇರೆ ಒಲೆ ಹೂಡಿದಳು. ಬೇರೆ ಪಾತ್ರೆ, ಮೀನಿಗೆಂದೇ ಒಂದು ಹಳೆಯ ಫ್ರಿಜ್. ಮತ್ತಿ, ನಡುನಡುವೆ ಕೋಳಿಯ ತುಂಡು, ಮೇಲೆ ವೈದ್ಯೆ ಕೊಟ್ಟ ಪುಡಿ. ಮಂದಗಣ್ಣಿನ ಬೆಕ್ಕಿಗೆ ಮುಳ್ಳು ಸಿಕ್ಕಬಾರದೆಂದು ಬೆರಳಿನಿಂದಲೇ ಒಂದೊಂದಾಗಿ ಬಿಡಿಸುತ್ತಿದ್ದಳು. ಮನೆಗೂ ಹೊಸ ಕಾನೂನು ಬಂತು: ಯಾರೂ ಕುರ್ಚಿ ಸರಿಸಬಾರದು, ನೀರಿನ ಬಟ್ಟಲಿನ ಜಾಗ ಬದಲಾಗಬಾರದು, ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು. ಬೂದಿ ಮತ್ತೆ ಬೀರು ಹತ್ತಲಿಲ್ಲ. ಕಂಬಳಿಯೇ ಸೋಫಾಕ್ಕೆ ಇಳಿದು ಬಂತು. ಕೂದಲಿಗೆ ಹೊಳಪು ಬಂತು, ಗೋಡೆಗೆ ತಾಗುವುದು ನಿಂತಿತು.

"ಹಿತ್ಲಾದ್ರೂ ನಮ್ಮನೆ ಹಿತ್ಲೇ ಅಲ್ವಾ ಅಕ್ಕಾ? ಅಯ್ನೋರಿಗೆ ಗೊತ್ತಾದ್ರೆ?" ಎಂದು ನನ್ನ ಅಮ್ಮ ಅಳುಕಿದಳು.

"ಗೊತ್ತಾಗೋದೇನು? ನಾನೇ ಹೇಳ್ತೀನಿ."

ಹೇಳಿಯೇಬಿಟ್ಟಳು. ಶ್ರಾವಣದಲ್ಲಿ ಅಯ್ಯನವರು ಬಂದು ಎಲೆಯ ಮುಂದೆ ಕೂತಾಗ, ಬಡಿಸುವ ಮೊದಲು ಎದುರಿಗೆ ನಿಂತು, "ಅಯ್ನೋರೇ, ಹಿತ್ಲಲ್ಲಿ ಬೆಕ್ಕಿಗೆ ಮೀನು ಬೇಯ್ಸ್ತೀನಿ. ನಾವು ಯಾರೂ ತಿನ್ನಾಕಿಲ್ಲ. ತಿಳೀದಂಗೆ ನಿಮಗೆ ಬಡ್ಸಕ್ಕೆ ನನಗೆ ಮನ್ಸಿಲ್ಲ," ಎಂದಳು.

ಅಯ್ಯನವರು ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. "ಬುಟ್ಬುಡವ್ವ ಅದ."

"ಬುಟ್ರೆ ಅದರ ಕಣ್ಣು ಹೋಯ್ತದೆ."

ಅವರು ಎದ್ದರು. ಕೋಪವಿರಲಿಲ್ಲ, ಆದರೆ ಊಟ ಮಾಡಲಿಲ್ಲ. ಆ ವರ್ಷದ ಮೊದಲ ಊಟ ಬೇರೆ ಮನೆಗೆ ಹೋಯಿತು. ಗೇಟಿನವರೆಗೂ ಹಿಂದೆ ಓಡಿ ವಾದಿಸಲು ನಾನು ಹೊರಟಿದ್ದೆ. ದೊಡ್ಡಮ್ಮ ಜಡೆ ಹಿಡಿದು ನಿಲ್ಲಿಸಿದಳು.

"ಸುಮ್ನಿರು. ಅವ್ರು ಸೋಲ್ಲಿ ಅಂತ ನಾ ಹೇಳ್ನಿಲ್ಲ."

ಆ ಎಲೆಯಲ್ಲಿ ತಾನೇ ಕೂತು ಉಂಡಳು. ಒಂದು ಅಗುಳೂ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ, ಟೀ ಎಲೆಗಳು ಹಿಮಕ್ಕೆ ಸುಟ್ಟು ಕರಿಯಾಗಿದ್ದ ದಿನಗಳಲ್ಲಿ, ದೊಡ್ಡಮ್ಮ ತೀರಿಕೊಂಡಳು. ವಿಭೂತಿ ಹಚ್ಚಿ, ಕೂರಿಸಿ, ತೋಟದ ಅಂಚಿನಲ್ಲಿ ದೊಡ್ಡಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಎಲ್ಲವನ್ನೂ ಮುಂದೆ ನಿಂತು ನಡೆಸಿದವರು ಅದೇ ಅಯ್ಯನವರು. ಮನೆಗೆ ಮರಳಿದಾಗ ಪಡಸಾಲೆಯ ಕುರ್ಚಿಗಳೆಲ್ಲ ಅಂಗಳದಲ್ಲಿದ್ದವು, ಟೀ ಬುಡ ಮೂಲೆಗೆ ಸರಿದಿತ್ತು, ಬೂದಿ ಎಲ್ಲೂ ಕಾಣಲಿಲ್ಲ.

ಅಯ್ಯನವರು ಹೊಸ್ತಿಲಲ್ಲೇ ನಿಂತು ಕೇಳಿದರು: "ಆ ಬೆಕ್ಕು ಎಲ್ಲವ್ವ?"

"ಮಂಚದ ಅಡಿಲಿ ಅದೆ," ಎಂದಳು ಅಮ್ಮ.

"ಏನಾರ ತಿಂದದಾ?"

ಮಣ್ಣು ಮಾಡಿ ಬಂದ ದಿನ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಊಟ ನೆಂಟರ ಮನೆಯಿಂದ ಬರುತ್ತದೆ. ಅಮ್ಮ ತಡವರಿಸಿದಳು, "ಇವತ್ತು ಒಲೆ..."

"ಅದು ಮನೆ ಒಲೆ ಮಾತು," ಎಂದರು ಅಯ್ಯನವರು. ನನ್ನ ಕಡೆ ತಿರುಗಿ, "ಹಿತ್ಲ ಒಲೆ ಅವ್ಳು ಹೂಡಿದ್ದು. ಅದ ಹಚ್ಚು, ಹೋಗು."

ಕೊಟ್ಟಿಗೆಗೆ ಹೋಗಿ ಒಲೆ ಹಚ್ಚಿದೆ, ಮತ್ತಿ ಬೇಯಿಸಿದೆ, ಮುಳ್ಳು ಬಿಡಿಸಿದೆ. ನಾನು ತಟ್ಟೆ ಹಿಡಿದು ಬರುವಷ್ಟರಲ್ಲಿ ಅಮ್ಮ ಕುರ್ಚಿಗಳನ್ನು ಅವುಗಳ ಜಾಗಕ್ಕೆ ತಂದಿಟ್ಟಿದ್ದಳು. ಹೆಸರು ಹಿಡಿದು ಕರೆದೆ. ಬೂದಿ ಮಂಚದ ಅಡಿಯಿಂದ ಹೊರಬಂದು, ಎಲ್ಲೂ ತಾಗದೆ ನಡೆದು, ನನ್ನ ಬೆರಳುಗಳನ್ನು ಮೂಸಿ, ತಿನ್ನತೊಡಗಿತು.

ಈಗ ನನ್ನ ಕೈಗೆ ಒಂದೇ ವಾಸನೆ. ವಿಭೂತಿಯ ವಿಷಯದಲ್ಲಿ ದೊಡ್ಡಮ್ಮನಿಗೂ ನನಗೂ ಇನ್ನೂ ರಾಜಿಯಾಗಿಲ್ಲ. ಮೀನಿನದನ್ನು ಮಾತ್ರ ಯಾರು ಕೇಳಿದರೂ ಹೇಳುತ್ತೇನೆ, ಅದು ನಮ್ಮ ಮನೆಯ ಮರ್ಯಾದೆ ಎಂದು.