ಸಮುದ್ರದಲ್ಲಿ ನನಗೆ ಕೇಳಿಸಿದ ಎಂಜಿನ್

ಸ್ವಲ್ಪ ತಡೆಯಿರಿ, ಇದನ್ನು ಓದಿಯೇ ಮುಂದಕ್ಕೆ ಹೋಗಿ. ಗಂಗಾವತಿ ಹತ್ತಿರ, ಮರಳಿ ಎಂಬ ಊರಿನ ನಮ್ಮ ಭತ್ತದ ಗದ್ದೆಯ ಬದುವಿನ ಮೇಲೆ ಕೂತು ನಾನು ಎರಡು ವರ್ಷ ತಿಮಿಂಗಿಲಗಳ ದನಿ ಕೇಳಿದ್ದೇನೆ. ಸುಳ್ಳಲ್ಲ.

ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ ಸಮುದ್ರದ ಆಳಕ್ಕೆ ಮೈಕ್ ಇಳಿಸಿದ್ದರು. ಅಲ್ಲಿಯ ಸದ್ದನ್ನು ಒಂದೊಂದು ನಿಮಿಷದ ತುಣುಕು ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ನಮ್ಮಂಥವರು ಕೇಳಿ 'ತಿಮಿಂಗಿಲ', ಹಡಗು ದೋಣಿಗಳದಾದರೆ 'ಎಂಜಿನ್', ಇಲ್ಲವೇ 'ಗೊತ್ತಿಲ್ಲ' ಎಂದು ಗುರುತು ಹಾಕಬೇಕು. ಪದವಿ ಬೇಕಿಲ್ಲ. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತವಳು.

ಒಂದು ತುಣುಕನ್ನು ಇಬ್ಬರು ಕೇಳುತ್ತಾರೆ. ಇಬ್ಬರದೂ ಒಂದೇ ಉತ್ತರವಾದರೆ ಅದು ವಿಜ್ಞಾನಿಗಳಿಗೆ ಹೋಗುತ್ತದೆ. ನನ್ನ ಜೋಡಿ ನಾರ್ವೆಯ ಒಬ್ಬ ನಿವೃತ್ತ ಶಿಕ್ಷಕಿ. ಮುಖ ನೋಡಿಲ್ಲ. ದಿನಾ ತುಣುಕಿನ ಕೆಳಗೆ ಒಂದು ಸಾಲು ಬರೆಯುತ್ತಿದ್ದರು: 'ಇದನ್ನು ಕೇಳಿದೆಯಾ? ಎಷ್ಟು ಚೆಂದ!' ನಾನೂ ಹರಕುಮುರುಕು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ನಾನು ಕೇಳಿದ್ದನ್ನೇ ಕೇಳಿದವರು ಇಡೀ ಲೋಕದಲ್ಲಿ ಅವರೊಬ್ಬರೇ. ಓಣಿಯ ಗೆಳತಿಗೆ ಒಮ್ಮೆ ಹೇಳಿದ್ದೆ. "ತಿಮಿಂಗಿಲ ಏನಂತೈತಿ? ಮದಿವಿ ಯಾವಾಗ ಅಂತ ಕೇಳತೈತೇನ ನಿನ್ನ?" ಎಂದು ನಕ್ಕಳು. ಆಮೇಲೆ ಯಾರಿಗೂ ಹೇಳಲಿಲ್ಲ.

ಎರಡನೇ ಬೆಳೆಯ ಹೊತ್ತಿಗೆ ಒಂದು ಹೊಸ ಸದ್ದು ಬರತೊಡಗಿತು. ಟುಕ್ ಟುಕ್ ಟುಕ್ ಎಂದು ಬಡಿದು, ಕೊನೆಗೆ ನಿಧಾನವಾಗಿ ನಿಲ್ಲುತ್ತಿತ್ತು. ಕಾಲುವೆಯಿಂದ ನೀರೆತ್ತುವ ನಮ್ಮ ಡೀಸೆಲ್ ಎಂಜಿನ್ ಬಂದ್ ಮಾಡಿದಾಗ ಥೇಟ್ ಹಾಗೇ. ಎಲ್ಲಕ್ಕೂ 'ಎಂಜಿನ್' ಎಂದೆ. ಶಿಕ್ಷಕಿ 'ತಿಮಿಂಗಿಲ' ಎಂದಿದ್ದರು. ನಾನು ನಮ್ಮ ಎಂಜಿನ್ನಿನ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಅವರು ಒಪ್ಪಿ ತಮ್ಮ ಗುರುತುಗಳನ್ನೆಲ್ಲ ಬದಲಿಸಿದರು. ನನಗೆಷ್ಟು ಹೆಮ್ಮೆ!

ಒಂದು ಮಧ್ಯಾಹ್ನ ಅಪ್ಪ ಬುತ್ತಿ ಉಣ್ಣಲು ಬದುವಿಗೆ ಬಂದ. ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗಿಟ್ಟೆ.

"ಅಪ್ಪಾ, ನಮ್ಮ ಎಂಜಿನ್ನಿನಂಗ ಐತಿಲ್ಲ?"

ರೊಟ್ಟಿ ಅಗಿಯುತ್ತಲೇ ಕೇಳಿದ. ಸದ್ದು ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

"ಚಾಲೂ ಯಾರ್ ಮಾಡಿದ್ರು?" ಎಂದ ಅಪ್ಪ.

"ಅಂದ್ರ?"

"ಬಂದ್ ಆದ ಎಂಜಿನ್ ತಾನ ಚಾಲೂ ಆಗತೈತೇನ? ಹ್ಯಾಂಡಲ್ ಹೊಡೀಬೇಕು. ಆ ಸಪ್ಪಳ ಎಲ್ಲೈತಿ ಇದ್ರಾಗ? ದಿನಾ ನನ್ನ ರಟ್ಟಿ ಬಿದ್ದ್ ಹೋಗತಾವ, ನೀ ಫೋನ್ ನೋಡ್ಕೋತ ಕುಂತಿರ್ತಿ." ಕಿವಿಯಿಂದ ಕಿತ್ತುಕೊಟ್ಟ. "ಇದು ಜೀವ ಇರೂದು ತಗಿ. ಉಣ್ಣು ಬಾ."

ಉಂಡು ಕೈ ತೊಳೆದವಳೇ ಹಳೆಯ ತುಣುಕುಗಳನ್ನೆಲ್ಲ ಮತ್ತೆ ಕೇಳಿದೆ. ಹಡಗಿನ ಎಂಜಿನ್ನಾದರೂ ಶುರುವಾಗುವಾಗ ಬೇರೆ ಸದ್ದು ಬರಬೇಕು; ಒಂದರಲ್ಲೂ ಅದಿಲ್ಲ. ಅಷ್ಟೂ ತಿಮಿಂಗಿಲಗಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ನನ್ನನ್ನು ಕಲಿಯುವವರ ಸಾಲಿಗೆ ವಾಪಸ್ ಹಾಕಿ, ಜೋಡಿ ಬದಲಿಸುತ್ತಾರೆ. ಅದು ಅಲ್ಲಿಯ ನಿಯಮ. ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನವೂ ಶಿಕ್ಷಕಿಯ ಸಾಲುಗಳು ಬಂದವು. ಪ್ರತಿಯೊಂದನ್ನೂ ಎರಡೆರಡು ಸಲ ಓದಿದೆ. ನಾಲ್ಕನೇ ದಿನ ವಿಜ್ಞಾನಿಗಳಿಗೆ ಬರೆದೆ: ತಪ್ಪು ನನ್ನದು, ಶಿಕ್ಷಕಿಯದಲ್ಲ, ಅವರು ಮೊದಲು ಹೇಳಿದ್ದೇ ಸರಿ.

ವಿಜ್ಞಾನಿಗಳು ಥ್ಯಾಂಕ್ಸ್ ಹೇಳಿದರು. ಆ ತುಣುಕುಗಳನ್ನೆಲ್ಲ ಬೇರೆಯವರಿಂದ ಮತ್ತೆ ಕೇಳಿಸಿದರು. ಶಿಕ್ಷಕಿಗೆ ಬೇರೆ ಜೋಡಿ ಸಿಕ್ಕಿತು. ಅದಕ್ಕೂ ಮೊದಲು ನಮ್ಮ ಕೊನೆಯ ತುಣುಕಿನ ಕೆಳಗೆ ಅವರು ಬರೆದಿದ್ದು ಇಷ್ಟೇ: 'ನನ್ನ ಕಿವಿಗಿಂತ ನಿನ್ನನ್ನು ನಂಬಿದ್ದೆ.'

ಅದು ಸಿಟ್ಟೋ ಪ್ರೀತಿಯೋ ನನಗಿನ್ನೂ ಗೊತ್ತಾಗಿಲ್ಲ. ಅಲ್ಲಿ ಉತ್ತರ ಬರೆಯಲು ನನಗೀಗ ಅನುಮತಿ ಇಲ್ಲ. ಕಲಿಯುವವರ ತುಣುಕುಗಳನ್ನು ಒಬ್ಬರೇ ಕೇಳಬೇಕು. ಕೆಳಗೆ ಯಾರೂ ಏನೂ ಬರೆದಿರುವುದಿಲ್ಲ.

ನಿಜ ಹೇಳಿದ್ದಕ್ಕೆ ನೀವೂ ಯಾರನ್ನಾದರೂ ಕಳೆದುಕೊಂಡಿದ್ದೀರಾ? ಆಮೇಲೆ ಅವರಿಗೆ ಮಾತು ಹೇಗೆ ಮುಟ್ಟಿಸಿದಿರಿ? ದಯವಿಟ್ಟು ಬರೆಯಿರಿ, ಒಂದೊಂದನ್ನೂ ಓದುತ್ತೇನೆ.