ಕೊಕ್ಕೆಯಡಿಯ ಬಿರುಕು

ಬೆಳಗಿನ ಆರೂಕಾಲು. ಮೂರನೇ ಮಹಡಿಯ ಕಿಷ್ಕಿಂಧೆಯಂಥ ಕೋಣೆಯಲ್ಲಿ, ಎಲ್ಲರೂ ಭೂತಗನ್ನಡಿ ಅಕ್ಕ ಎಂದು ಕರೆಯುವ ಹರಳು ಕೆಲಸದವರು ಕಿಟಕಿಗೆ ಮುಖ ಮಾಡಿ ಕೂತಿದ್ದಾರೆ. ದೀಪ ಹಾಕಿಲ್ಲ. ದೀಪದಡಿ ವಜ್ರ ಥಳಥಳಿಸಿ ಕಣ್ಣಿಗೆ ಮಣ್ಣೆರಚುತ್ತದೆ, ಒಳಗಿನ ಬಿರುಕು ಕಾಣಬೇಕಾದರೆ ಮುಂಜಾವದ ಸಪ್ಪೆ ಬೆಳಕೇ ಬೇಕು ಎನ್ನುತ್ತಾರೆ. ಚಿಮಟದ ತುದಿಯಲ್ಲಿ ಮೆಣಸಿನ ಕಾಳಿನಷ್ಟು ವಜ್ರ. "ಇಲ್ಲಿ ಅಡಗಿದೀಯಾ ಕಳ್ಳ," ಎಂದು ಅದನ್ನೇ ಗದರುತ್ತಾರೆ. ಪಕ್ಕದಲ್ಲಿ ಒಡವೆ ಅಂಗಡಿಯ ಮ್ಯಾನೇಜರ್ ಕಳಿಸಿದ ಚೀಟಿ: "ಕಲೆ ಮುಚ್ಚಿ." ಈ ಸಲವೂ ಒಲ್ಲೆನೆಂದರೆ ಇದೇ ಕೊನೆಯ ಕೆಲಸ ಎಂದು ನಿನ್ನೆ ಫೋನಿನಲ್ಲಿ ಹೇಳಿಯೂ ಆಗಿದೆ.

ಐವತ್ತೆಂಟರ ಅಕ್ಕ ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಕೈಕೆಳಗೆ ಹರಳು ಕೂರಿಸುವುದನ್ನು ಕಲಿತವರು. ಹೋದ ವರ್ಷದವರೆಗೂ ದಿನಕ್ಕೆ ಹದಿನಾಲ್ಕು ಉಂಗುರ, ಉಂಗುರಕ್ಕೆ ನಾಲ್ಕು ಚಿನ್ನದ ಕೊಕ್ಕೆ. ಒಂದೊಂದನ್ನೂ ವಜ್ರದ ಅಂಚಿನ ಮೇಲೆ ಬಗ್ಗಿಸಿ ಒತ್ತಿದರೆ ಹರಳು ಅಲ್ಲಾಡದೆ ನಿಲ್ಲುತ್ತದೆ. ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಸೆಟೆದುಹೋಗಿದೆ. ಅಂಗಡಿಯ ಗಾಜಿನ ಕಪಾಟಿನೆದುರು ಬಾಯಿ ಬಿಟ್ಟು ನಿಲ್ಲುವವರಲ್ಲಿ ಒಬ್ಬರಿಗೂ ಇವರು ಯಾರೆಂದು ಗೊತ್ತಿಲ್ಲ.

ವಜ್ರ ಗಟ್ಟಿ, ನಿಜ. ಅದನ್ನು ಗೀರಲು ಇನ್ನೊಂದು ವಜ್ರವೇ ಬೇಕು. ಆದರೆ ಗೀರು ಬೇರೆ, ಪೆಟ್ಟು ಬೇರೆ. ಹುಟ್ಟುವಾಗಲೇ ಹೊಟ್ಟೆಯೊಳಗೆ ಸೇರಿಕೊಂಡ ಸಣ್ಣ ಚುಕ್ಕೆಯಿಂದ ಭಯವಿಲ್ಲ ಎನ್ನುತ್ತಾರೆ ಅಕ್ಕ. "ಅದು ಮೈಮೇಲಿನ ಮಚ್ಚೆ ಇದ್ದಂಗೆ. ಅಂಚಿಗೆ ಬಂದು ಬಾಯಿ ಬಿಟ್ಟಿರೋ ಬಿರುಕು ಇದೆಯಲ್ಲ, ಅದರ ತಲೆ ಮೇಲೆ ಕೊಕ್ಕೆ ಒತ್ತಬಾರದು. ಇವತ್ತು ಸುಮ್ನಿರುತ್ತೆ. ನಾಳೆ ಕೈ ಎಲ್ಲಾದ್ರೂ ತಗುಲಿದ್ರೆ ಅಲ್ಲೇ ಹಾರಿಹೋಗುತ್ತೆ." ಹರಳನ್ನು ಒಂಚೂರು ತಿರುಗಿಸಿ, ಬಿರುಕು ಎರಡು ಕೊಕ್ಕೆಗಳ ನಡುವೆ ಬರುವಂತೆ ಕೂರಿಸಬೇಕು. ಹಾಕಿಕೊಳ್ಳುವವರಿಗೆ ಜೋಪಾನ ಎಂದು ಹೇಳಬೇಕು. ಅಷ್ಟೇ.

ಅಷ್ಟು ಮಾಡಲು ಅಂಗಡಿಗೆ ಏನು ಧಾಡಿ? ಬಿರುಕಿನ ಮೇಲೇ ಕೊಕ್ಕೆ ಕೂತರೆ ಬಿರುಕು ಕಾಣುವುದಿಲ್ಲವಲ್ಲ! ಎಲ್ಲಿ ಒತ್ತಬಾರದೋ ಅಲ್ಲೇ ಒತ್ತಿಸಿ, ಅಪ್ಪಟ ಹರಳೆಂದು ಮಾರುವ ಈ ಕಣ್ಕಟ್ಟಿಗೆ ಅವರಿಟ್ಟ ಹೆಸರು ಕುಸುರಿ.

ಹೋದ ವರ್ಷ ಇಂಥದೇ ಚೀಟಿ ಬಂದಾಗ ಅಕ್ಕ ಬೇಡವೆಂದು ಎರಡು ಸಲ ಹೇಳಿ ಕಳಿಸಿದರು. ಮೂರನೆಯ ಸಲ ಸೋತು ಕೊಕ್ಕೆ ಒತ್ತಿಬಿಟ್ಟರು. ಹನ್ನೊಂದೇ ವಾರ. ಆ ಉಂಗುರ ಹಾಕಿದ್ದ ನರ್ಸಮ್ಮನ ಕೈ ಆಸ್ಪತ್ರೆಯ ಮಂಚದ ಕಂಬಿಗೆ ಬಡಿದು ವಜ್ರದ ಅಂಚು ಹಾರಿತು. ತೀರಿಕೊಂಡ ತಾಯಿ ಕೊಡಿಸಿದ್ದ ಉಂಗುರ. ಕೂರಿಸಿದವಳ ಕೈ ಭಾರ ಎಂದು ಅಂಗಡಿಯವರು ಕೈತೊಳೆದುಕೊಂಡರು.

ನರ್ಸಮ್ಮ ಮೂರು ಮಹಡಿ ಹತ್ತಿ ಬಂದು ಅಕ್ಕನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಅಕ್ಕ ನೋಟ್‌ಬುಕ್ ತೆರೆದರು. ಕೂರಿಸುವ ಮೊದಲು ಪ್ರತಿ ಹರಳಿನ ಚಿತ್ರ ಬರೆದು, ಬಿರುಕಿದ್ದಲ್ಲಿ ಕೆಂಪು ಗೆರೆ ಎಳೆಯುವುದು ಅವರ ರೂಢಿ. ಆ ಪುಟಕ್ಕೆ ಮ್ಯಾನೇಜರರ ಚೀಟಿಯನ್ನೂ ಅಂಟಿಸಿದ್ದರು. ನರ್ಸಮ್ಮ ಉಂಗುರವನ್ನು ಪುಟದ ಮೇಲಿಟ್ಟು ನೋಡಿದರು. ಒಡೆದದ್ದು ಕೆಂಪು ಗೆರೆಯಲ್ಲೇ.

"'ಹಂಗಾದ್ರೆ ನಿಮಗೆ ಮೊದಲೇ ಗೊತ್ತಿತ್ತು' ಅಂದ್ರು ನರ್ಸಮ್ಮ," ಎನ್ನುವಾಗ ಅಕ್ಕ ಕಣ್ಣಿಗೆ ಹಚ್ಚಿದ ಭೂತಗನ್ನಡಿ ತೆಗೆಯುತ್ತಾರೆ. "ನಂದೇನೂ ತಪ್ಪಿಲ್ಲ ಅಂತ ತೋರಿಸೋಕೆ ಪುಸ್ತಕ ತೆಗೆದಿದ್ದೆ. ಆದ್ರೆ ಗೊತ್ತಿತ್ತಲ್ಲ."

ಅಂದಿನಿಂದ ಅವರು ಬಿರುಕಿನ ಮೇಲೆ ಕೊಕ್ಕೆ ಇಟ್ಟಿಲ್ಲ. ಹದಿನಾಲ್ಕು ಉಂಗುರ ಐದಕ್ಕಿಳಿದಿವೆ. ಚೀಟಿ ಬರೆದವರು ತಣ್ಣಗಿನ ಕೋಣೆಯಲ್ಲಿ ಹಾಯಾಗಿದ್ದಾರೆ, ಹಟಮಾರಿ ಎಂಬ ಬಿರುದು ಮಾತ್ರ ಅಕ್ಕನಿಗೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಬಿಸಿಲು ಮೇಜಿಗೆ ಬರುವ ಹೊತ್ತಿಗೆ ಅಕ್ಕ ಹರಳನ್ನು ತಿರುಗಿಸಿ ನಾಲ್ಕೂ ಕೊಕ್ಕೆ ಒತ್ತಿ ಮುಗಿಸಿದ್ದಾರೆ. ಬಿರುಕು ನಡುವೆ, ಕಣ್ಣಿಟ್ಟು ನೋಡಿದರೆ ಕಾಣುವಂತೆ. "ಕಲೆ ಮುಚ್ಚಿ" ಎಂಬುದರ ಕೆಳಗೆ "ಆಗೋದಿಲ್ಲ" ಎಂದು ಬರೆದು ಪೊಟ್ಟಣ ಕಟ್ಟುತ್ತಾರೆ. ನಾಳೆಯಿಂದ ಮೇಜು ಖಾಲಿಯೇನೋ. ಅಂಗಡಿಯವರಿಂದ ಏನಾದರೂ ಬೇಕೆ ಎಂದು ಕೇಳಿದರೆ ಪೊಟ್ಟಣದ ದಾರ ಬಿಗಿಯುತ್ತಾರೆ.

"ಬಿರುಕು ಎಲ್ಲಿದೆ ಅಂತ ಹೇಳಿ ಮಾರಲಿ, ಸಾಕು. ಉಂಗುರ ಚೆನ್ನಾಗಿದ್ದಾಗ ನನ್ನ ಹೆಸರು ಯಾವತ್ತೂ ಹೇಳಿಲ್ಲ, ಬೇಜಾರಿಲ್ಲ. ಒಡೆದಾಗಲೂ ಹೇಳೋದು ಬೇಡ."