ಜಾತಿನಾಯಿಯ ಬಸುರು

ಮಾವ ಆ ನಾಯಿಯನ್ನು ಮನೆಗೆ ತಂದ ದಿನ ಅದರ ಬಾಯಿ ಬಿಡಿಸಿ ಹಲ್ಲು ತೋರಿಸಿ, ಬಾಲ ಎತ್ತಿ, ಹೊಟ್ಟೆ ಸವರಿ ಬೀದಿಗೆಲ್ಲ ಪ್ರದರ್ಶನ ಮಾಡಿದರು. ನಾನು ಆಗ ಮೂರು ತಿಂಗಳ ಬಸುರಿ. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದವಳಿಗೆ ಹೊಟ್ಟೆ ತೊಳಸಿ ಬಂತು. ಬಸುರಿಯ ವಾಕರಿಕೆ ಎಂದುಕೊಂಡು ಅತ್ತೆ ಒಂದು ನಿಂಬೆಹಣ್ಣು ತಂದು ಕೈಗಿಟ್ಟರು. ಇಷ್ಟು ವರ್ಷದ ಮೇಲೆ ಹೇಳುತ್ತೇನೆ, ಆ ವಾಕರಿಕೆ ಬಸುರಿನದಲ್ಲ.

ಮಾವ ನನಗೆ ಎರಡು ಕಡೆಯಿಂದಲೂ ಮಾವ. ನನ್ನ ತಾಯಿಯ ಅಣ್ಣ, ಗಂಡನ ತಂದೆ. ತಮಿಳು ಸೀಮೆಯಲ್ಲಿ, ಸಿಂಗಾನಲ್ಲೂರಿನ ಕಡೆಗಿದ್ದ ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಹಗಲೆಲ್ಲ ಮಗ್ಗದ ಸದ್ದು. ಒಂದು ಕಾಲಕ್ಕೆ ಮಾವನ ಕೈಕೆಳಗೆ ಅರ್ಧ ಬೀದಿ ನೇಯುತ್ತಿತ್ತು. ಪೈಕಾರದ ಜಲಪಾತದಿಂದ ಕರೆಂಟು ಬಂದು ಸುತ್ತ ಮಿಲ್ಲುಗಳು ಎದ್ದ ಮೇಲೆ ನೇಯುವವರು ಒಬ್ಬೊಬ್ಬರಾಗಿ ಮಿಲ್ಲಿನ ಸಂಗು ಕೂಗಿದ ಕಡೆಗೆ ಹೋದರು. ಮಾವ ಎದುರಿಗೆ ಬಂದರೆ ಹೆಗಲ ಮೇಲಿನ ಟವಲು ತೆಗೆಯುವವರು ಕಡಿಮೆಯಾದರು. ಆ ಸಂಕಟಕ್ಕೆ ಅವರು ಕಂಡುಕೊಂಡ ಮದ್ದು ಈ ನಾಯಿ. ಪಲ್ಲಡದ ಕಡೆಯ ಒಬ್ಬ ಜಮೀನ್ದಾರರಿಗೆ ಮಗಳ ಮದುವೆಯ ಸೀರೆ ನೇಯಿಸಿಕೊಟ್ಟು, ಅವರ ಮನಸ್ಸು ಗೆದ್ದು, ಬಹುಮಾನವಾಗಿ ತಂದಿದ್ದರು. ಬೆಳ್ಳನೆಯ ಮೈ, ಗುಲಾಬಿ ಮೂಗು, ಉದ್ದ ಕಾಲು, ಸಣ್ಣ ನಡು. ಇನ್ನೂ ಒಂದು ವರ್ಷವೂ ತುಂಬದ ಹೆಣ್ಣು. ಒಂದೇ ಕರಾರು: ಜಮೀನಿನ, ಅಂದರೆ ಆ ಜಮೀನ್ದಾರರ ಮನೆಯ, ಗಂಡಿಗೇ ಕೂಡಿಸಬೇಕು, ಹುಟ್ಟಿದ್ದರಲ್ಲಿ ಚೆಲುವಾದದ್ದೊಂದನ್ನು ಅಲ್ಲಿಗೇ ಕೊಡಬೇಕು.

ನಾಯಿಯ ಜೊತೆಗೆ ಬಂದಿದ್ದ ಜಮೀನಿನ ಕಾರ್ಯಸ್ಥರು ಜಗಲಿಯ ಮೇಲೆ ಕೂತು ನೀರು ಕುಡಿಯುತ್ತ ತಮಿಳಿನಲ್ಲಿ ಬಿಡಿಸಿ ಹೇಳಿ ಹೋಗಿದ್ದರು. ಮೊದಲ ಬೆದೆಗೆ ಬಿಡಬೇಡಿ, ಅದರ ಮೈ ಇನ್ನೂ ಬಲಿತಿಲ್ಲ, ಎರಡನೆಯದರವರೆಗಾದರೂ ಕಾಯಿರಿ. ಮಾವ ಕೈಮುಗಿದು ಆಗಲಿ ಆಗಲಿ ಎಂದರು. ಅವರ ಗಾಡಿ ಬೀದಿ ದಾಟಿತೋ ಇಲ್ಲವೋ, ಒಳಗೆ ಬಂದು ಅತ್ತೆಗೆ ಹೇಳಿದರು:

"ಎರಡ್ನೇದರಗಂಟ ಯಾರು ಕಾಯ್ತಾರೆ? ಹೆಣ್ಣು ಅಂದ್ಮೇಲೆ ಹೆರಾಕೆ ತಾನೆ ಇರೋದು. ಮೊದಲ್ನೇದಕ್ಕೇ ಕೊಂಡೋಗ್ತೀನಿ."

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಹದಿನಾಲ್ಕಕ್ಕೆ ಬಸುರಾಗಿ, ಮೊದಲ ಮಗುವನ್ನು ಮಣ್ಣಿಗೆ ಕೊಟ್ಟವರು ಅವರು. ನಾನು ಅವರ ಮುಖ ನೋಡದೆ ಒಲೆ ಊದಿದೆ.

ಎರಡು ತಿಂಗಳಿಗೆ ನಾಯಿ ಬೆದೆಗೆ ಬಂತು. ನೇಯ್ಗೆಯವರ ಬೀದಿಯಲ್ಲಿ ನಾಯಿಗಳಿಗೆ ಯಾವತ್ತೂ ಬರವಿಲ್ಲ. ಬೆಳಗಾದರೆ ಹಾಸು ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಅನ್ನದ ಗಂಜಿ ಹಚ್ಚುತ್ತೇವೆ. ತೊಟ್ಟಿಕ್ಕಿದ ಗಂಜಿಯನ್ನು ನೆಕ್ಕಿ ನೆಕ್ಕಿ ಆ ನಾಯಿಗಳ ಮೈ ಊದಿಕೊಂಡಿರುತ್ತಿತ್ತು. ಈಗ ಗಂಜಿ ಮರೆತು ಎಲ್ಲವೂ ನಮ್ಮ ಮನೆಯ ಮುಂದೆ ಬೀಡುಬಿಟ್ಟವು. ಗೋಡೆಗೆಲ್ಲ ಉಚ್ಚೆ, ಬಾಗಿಲಿಗೆ ಉಚ್ಚೆ, ನಾನು ಸಾರಿಸಿ ಇಟ್ಟ ರಂಗೋಲಿಯ ಮೇಲೆ ಉಚ್ಚೆ. ಹಳಸಿದ ಗಂಜಿಯ ವಾಸನೆಯೂ ಅದೂ ಸೇರಿ ನನಗೆ ತುತ್ತು ಅನ್ನ ಇಳಿಯುತ್ತಿರಲಿಲ್ಲ. ಮಾವ ದೊಣ್ಣೆ ಹಿಡಿದು ಕಾದರು. ಜಮೀನಿಗೆ ಹೊರಡಲು ಅಮಾವಾಸ್ಯೆ ಕಳೆಯಬೇಕಿತ್ತು. ಅಲ್ಲಿಯವರೆಗೆ ನಾಯಿಯನ್ನು ಮಗ್ಗದ ಮನೆಯಲ್ಲಿ, ಕಾಲು ಇಳಿಬಿಟ್ಟು ನೇಯುವ ಕುಣಿಯೊಳಗೆ ಕಟ್ಟಿಹಾಕಿ, ಬಾಗಿಲಿಗೆ ಬೀಗ ಜಡಿದರು.

ಅಮಾವಾಸ್ಯೆ ನಮಗೆ ರಜೆ. ಅಂದು ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಅರಿಸಿನ ಕುಂಕುಮ ಇಟ್ಟು, ಸಾಂಬ್ರಾಣಿ ಹಾಕಿ, ದೀಪ ಹಚ್ಚಿ, ಅಮ್ಮನವರು ಬಂದು ಹೋಗಲಿ ಎಂದು ಮಗ್ಗದ ಮನೆಯ ಬಾಗಿಲನ್ನು ಹಾರು ಹೊಡೆದು ಇಡುವುದು ನಮ್ಮ ಮನೆಯ ಪದ್ಧತಿ. ದೀಪ ತಾನಾಗಿ ಆರುವತನಕ ಬಾಗಿಲು ಹಾಕುವ ಹಾಗಿಲ್ಲ, ಅಲ್ಲಿ ಯಾರೂ ನಿಲ್ಲುವ ಹಾಗೂ ಇಲ್ಲ. ಮಾವ ಆ ದಿನವೂ ಪದ್ಧತಿ ಬಿಡಲಿಲ್ಲ. ತಮ್ಮ ಕೈಯಾರೆ ಬೀಗ ತೆಗೆದು, ಬಾಗಿಲು ತೆರೆದು, ನಮ್ಮನ್ನೆಲ್ಲ ಕರೆದುಕೊಂಡು ಗುಡಿಗೆ ಹೋದರು. ಕುಣಿಯಲ್ಲಿ ಕಟ್ಟಿದ್ದು ಅವರಿಗೆ ನೆನಪಿತ್ತು. ಅಮ್ಮನವರು ಬರುವ ಬಾಗಿಲಲ್ಲಿ ನಾಯಿ ಬಂದೀತೆಂದು ಅವರಿಗೆ ಹೊಳೆಯಲೇ ಇಲ್ಲ.

ನಾವು ತಿರುಗಿ ಬಂದಾಗ ಮನೆ ಮುಂದೆ ಜನ. ಮಗ್ಗದ ಕುಣಿಯೊಳಗೆ ನಮ್ಮ ಬಿಳಿ ನಾಯಿಗೆ ಬೀದಿಯ ಕಂದು ನಾಯಿ ಅಂಟಿಕೊಂಡಿತ್ತು. ಕಿವಿಯಲ್ಲಿ ಹುಣ್ಣು, ಸುರುಳಿ ಬಾಲ, ಇಡೀ ಬೀದಿಯ ಗಂಜಿ ಕುಡಿದು ಕೊಬ್ಬಿದ ಮೈ. ಎರಡೂ ಬಿಡಿಸಿಕೊಳ್ಳಲಾರದೆ ಒಂದೊಂದು ಕಡೆಗೆ ತಿರುಗಿ ನಿಂತಿದ್ದವು. ನಮ್ಮದು ನಡುಗುತ್ತಿತ್ತು. ಗಂಡಸರು ನಗುತ್ತಿದ್ದರು. "ಸಂಬಂಧ ಕುದುರ್ತಾ, ಅಣ್ಣ? ತಾಂಬೂಲ ಯಾವತ್ತು?" ಎಂದ ಒಬ್ಬ. ಮಾವ ಕಂದು ನಾಯಿಯನ್ನು ಬಡಿದರು, ಅದು ಎಳೆದಾಡಿದ ಹಾಗೆಲ್ಲ ನಮ್ಮದು ಕಿರುಚಿತು. ಕೊನೆಗೆ ಮೂಲೆಯಲ್ಲಿದ್ದ ಹಳಸಿದ ಗಂಜಿಯ ಮಡಕೆ ಎತ್ತಿ ಎರಡರ ಮೇಲೂ ಸುರಿದರು. ಬಿಳಿಯದೂ ಕಂದೂ ಒಂದೇ ಬಣ್ಣಕ್ಕೆ ತಿರುಗಿ, ಹುಳಿನಾತ ಹೊಡೆಯುತ್ತ ನಿಂತವು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ನನಗೆ ಅಸಹ್ಯವಾದದ್ದು ಆ ಪ್ರಾಣಿಗಳನ್ನು ಕಂಡಲ್ಲ, ಆ ನಗುವನ್ನು ಕೇಳಿ.

ಇದಕ್ಕಿಂತ ಹೇಸಿಗೆಯದು ಮುಂದಿತ್ತು. ಅಂದು ಮಧ್ಯಾಹ್ನವೇ, ಅಮಾವಾಸ್ಯೆ ಎಂದೂ ನೋಡದೆ, ಮಾವ ನಾಯಿಗೆ ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಗಾಡಿ ಕಟ್ಟಿಸಿ ಜಮೀನಿಗೆ ಹೊರಟರು. ಅತ್ತೆ ತಡೆದು ಕೇಳಿದರು:

"ಇವತ್ತೇ ಯಾಕೆ? ಅದ್ರ ಕಾಲು ಇನ್ನೂ ನಿಲ್ತಾ ಇಲ್ಲ."

"ಇವತ್ತೇ ಆಗ್ಬೇಕು. ಒಳ್ಳೇ ರಕ್ತ ಬಿದ್ರೆ ಕೆಟ್ಟದ್ದೆಲ್ಲ ತೊಳ್ದೋಗುತ್ತೆ. ನೀ ಸುಮ್ನಿರು."

ಅಲ್ಲಿ ಅವರು ಬೀದಿ ನಾಯಿಯ ಮಾತು ಎತ್ತಲಿಲ್ಲ. ತಂದ ವಾರದಲ್ಲೇ ಒಂದು ಬೆದೆ ಕಳೆದಿತ್ತು, ಇದು ಎರಡನೆಯದು ಎಂದು ಕಾರ್ಯಸ್ಥರ ಮುಂದೆ ಅಮ್ಮನವರ ಮೇಲೆ ಆಣೆಯಿಟ್ಟು ಬಂದರಂತೆ. ಆಣೆಯಿಟ್ಟದ್ದನ್ನೂ ಮನೆಗೆ ಬಂದು ಅವರೇ ಕೊಚ್ಚಿಕೊಂಡರು. ಜಾತಿ, ರಕ್ತ, ಶುದ್ಧ ಎಂದು ದಿನಕ್ಕೆ ನೂರು ಸಲ ಬಾಯಲ್ಲಿ ಆಡುವ ಮನುಷ್ಯನ ಬಾಯಿಂದಲೇ ಇದೆಲ್ಲ ಬಂತು. ಅಂದಿನಿಂದ ಅವರು ಉಂಡ ಎಲೆ ತೆಗೆಯಲು ನನ್ನ ಕೈ ಹಿಂಜರಿಯುತ್ತಿತ್ತು.

ನಾಯಿ ಗಬ್ಬವಾಯಿತು. ಕಾಲು ಕಡ್ಡಿ, ಬೆನ್ನೆಲುಬು ಎಣಿಸಬಹುದು, ಹೊಟ್ಟೆ ಮಾತ್ರ ನೆಲಕ್ಕೆ ಜೋತು ಬಿತ್ತು. ನಾನು ಅದಕ್ಕಿಂತ ಮುಂದಿದ್ದೆ. ಇಬ್ಬರೂ ಹಿತ್ತಲ ನೆರಳಿನಲ್ಲಿ ಏದುಸಿರು ಬಿಡುತ್ತ ಕೂರುತ್ತಿದ್ದೆವು. ಮಾವ ಬಂದು ಅದರ ಹೊಟ್ಟೆ ಒತ್ತಿ ನೋಡಿ, "ಬೆಳ್ಳಗೇ ಇರ್ಲಿ, ತಾಯಿ" ಎಂದು ದೇವರಿಗೆ ಕೈಮುಗಿಯುತ್ತಿದ್ದರು. ಅದು ಬದುಕಿ ಉಳಿಯಲಿ ಎಂದು ಒಂದು ದಿನವೂ ಅವರ ಬಾಯಲ್ಲಿ ಬರಲಿಲ್ಲ. ನನಗೆ ಭಯವಿದ್ದದ್ದು ಅದೊಂದೇ. ಅಷ್ಟು ಸಣ್ಣ ನಡುವಿನಿಂದ ಅಷ್ಟು ದೊಡ್ಡ ಹೊಟ್ಟೆ ಹೇಗೆ ಇಳಿಯಬೇಕು? ಈ ಮಾತು ಬಾಯಿಬಿಟ್ಟು ಕೇಳಿದಾಗ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. "ಅದನ್ನೆಲ್ಲ ನೆನೀಬೇಡ, ಕಣ್ಣು" ಎಂದು ಇನ್ನಷ್ಟು ಜೋರಾಗಿ ತಿಕ್ಕಿದರು.

ಅದು ಮಗ್ಗದ ಮನೆಯಲ್ಲೇ ಈಯಿತು. ಬೆಳಗಿನಿಂದ ಇಳಿಹೊತ್ತಿನವರೆಗೆ ಒದ್ದಾಡಿತು. ಒಂದೊಂದು ಮರಿ ಬಿದ್ದ ಹಾಗೆ ಮಾವ ಅದನ್ನು ಪಂಚೆಯ ಚೂರಿನಿಂದ ಒರೆಸಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, ಎರಡು ಮೊರಗಳಲ್ಲಿ ಹಾಕುತ್ತಿದ್ದರು. ಬಿಳಿಯವು ಒಂದರಲ್ಲಿ, ಕಂದು ಬಣ್ಣದವು ಇನ್ನೊಂದರಲ್ಲಿ. ನಾವು ಅಕ್ಕಿ ಕೇರುವ ಮೊರಗಳು! ತಾಯಿ ಕತ್ತು ಚಾಚಿ ನೆಕ್ಕಲು ಬಂದರೆ ಮೊಣಕೈಯಿಂದ ದೂಡುತ್ತಿದ್ದರು. ಕೊನೆಯ ಮರಿ ಬಿದ್ದ ಮೇಲೂ ತಾಯಿಯ ರಕ್ತ ನಿಲ್ಲಲಿಲ್ಲ, ಕುಣಿಯ ಅಂಚಿನಿಂದ ಒಳಗೆ ಹರಿಯಿತು.

"ನಾಯಿ ಕಡೆ ನೋಡಿ ಮೊದ್ಲು. ಹೋಗ್ತೈತೆ ಅದು" ಎಂದರು ಅತ್ತೆ.

"ಹೋದ್ರೆ ಹೋಗ್ಲಿ. ಮೂರು ಕುಟ್ಟಿ ಬೆಳ್ಳಗವೆ, ನೋಡು!"

ಹಾಗೆಂದು ಹಲ್ಲು ಬಿಟ್ಟು ನಕ್ಕರು. ಅವರ ಕೈ ಮೊಣಕೈವರೆಗೆ ಕೆಂಪಾಗಿತ್ತು. ಆ ಮುಖದ ಮೇಲೆ ಉಗಿಯಬೇಕು ಎನಿಸಿತು. ಸೊಸೆ ಉಗಿಯುವ ಹಾಗಿರಲಿಲ್ಲ, ನುಂಗಿಕೊಂಡೆ.

ಕಂದು ಮರಿಗಳನ್ನು ನೂಲಿನ ಚೀಲಕ್ಕೆ ತುಂಬಿ ಸಿಂಗಾನಲ್ಲೂರು ಕೆರೆಗೆ ಹೊತ್ತುಕೊಂಡು ಹೋದರು. ಚೀಲವನ್ನು ಖಾಲಿ ಮಾಡಿ ವಾಪಸು ತಂದು, ಒಗೆಯಲು ನನ್ನ ಮುಂದೆ ಎಸೆದರು. ನಾನು ಅದನ್ನು ಮುಟ್ಟಲಿಲ್ಲ. ಅತ್ತೆ ಎತ್ತಿ ಒಲೆಗೆ ಹಾಕಿದರು. ನಾಯಿ ಮಾರನೆಯ ದಿನ ಸತ್ತಿತು. ಸಾಯುವವರೆಗೂ ಮೊರದಲ್ಲಿ ಉಳಿದವನ್ನು ಬಿಟ್ಟು, ಹೋದವನ್ನು ಹುಡುಕಿ ಕತ್ತು ಎತ್ತುತ್ತಿತ್ತು.

ಬಿಳಿ ಮರಿಗಳನ್ನು ಅತ್ತೆಯೂ ನಾನೂ ಬಟ್ಟೆ ಅದ್ದಿ ಆಡಿನ ಹಾಲು ಕುಡಿಸಿ ಉಳಿಸಿದೆವು. ಒಂದು ತಿಂಗಳಾದ ಮೇಲೆ ಕಾರ್ಯಸ್ಥರು ಬಂದರು. ತಾಯಿ ಎಲ್ಲಿ ಎಂದು ಕೇಳಿದರು. ಹಾವು ಕಚ್ಚಿತು ಎಂದರು ಮಾವ, ಕಣ್ಣು ಕೂಡ ಮಿಟುಕಿಸದೆ. ಒಂದು ಮರಿ ಜಮೀನಿಗೆ ಹೋಯಿತು, ಒಂದನ್ನು ಯಾರೋ ದೊಡ್ಡವರಿಗೆ ಕಾಣಿಕೆಯಾಗಿ ಒಪ್ಪಿಸಿದರು. ಮನೆಯಲ್ಲಿ ಉಳಿದದ್ದರ ಬಾಲ ದಿನದಿನಕ್ಕೂ ಸುರುಳಿ ಸುತ್ತತೊಡಗಿತು. ಮಾವ ಅದಕ್ಕೆ ಎಣ್ಣೆ ಹಚ್ಚಿ ನೀವಿದ್ದೇ ನೀವಿದ್ದು. ಜಗಲಿಯ ಮೇಲೆ ಕೂತು ನಾಯಿಬಾಲ ನೀವುವ ಯಜಮಾನನನ್ನು ನೋಡಲು ಜನ ಬೇಕೆಂದೇ ಆ ದಾರಿಯಲ್ಲಿ ಹಾದುಹೋಗುತ್ತಿದ್ದರು.

ಅಷ್ಟರಲ್ಲಿ ನನಗೆ ದಿನ ತುಂಬಿತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಇಲ್ಲೇ ಎಂದು ಮೊದಲೇ ಗೊತ್ತಾಗಿತ್ತು. ನೋವು ತಿನ್ನುತ್ತ ಮಲಗಿದ್ದಾಗ ನನ್ನ ಕಣ್ಣಿಗೆ ಆ ಎರಡು ಮೊರ ಬಿಟ್ಟು ಬೇರೇನೂ ಕಾಣಲಿಲ್ಲ. ಮಗುವಿನ ಅಳು ಕೇಳಿಸಿದ್ದೇ ತಡ, ಜಗಲಿಯಿಂದ ಮಾವ ಕೂಗಿದರು:

"ಏನು? ಗಂಡಾ ಹೆಣ್ಣಾ? ಬೆಳ್ಳಗೈತಾ?"

ಉತ್ತರ ಕೊಡಲು ಬಾಗಿಲಿಗೆ ಹೊರಟಿದ್ದ ಅತ್ತೆಯ ಸೆರಗನ್ನು ಚಾಪೆಯ ಮೇಲಿನಿಂದಲೇ ಹಿಡಿದು ಎಳೆದೆ.

"ತಾಯಿ ಬದುಕವ್ಳೆ ಅಂತ ಹೇಳಿ, ಅತ್ತೆ. ಮೊದ್ಲು ಅದನ್ನ ಹೇಳಿ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ, ಇಡೀ ಬೀದಿಗೆ ಕೇಳುವ ಹಾಗೆ ಅಷ್ಟನ್ನೇ ಹೇಳಿ, ಅಗುಳಿ ಹಾಕಿಕೊಂಡು ಒಳಗೆ ಬಂದರು.